ಹತ್ತೋದಾ, ಇರೋದಾ: ಐಡಹೋ ಫುಟ್ಬಾಲ್ ಕಥೆ

ಎಲ್ಲರ್ಗೂ ನಮಸ್ಕಾರ. ಪುಳಿಯೋಗರೆ, ಮೊಸರನ್ನ ಎರಡೂ ಆದ್ಮೇಲೆ ನನ್ನ ಮಾತಾಡೋಕೆ ನಿಲ್ಲಿಸಿದೀರ, ಹಾಗಾಗಿ ಯಾರಾದ್ರೂ ಕಣ್ಣು ಮುಚ್ಚಿದ್ರೆ ನಾನೇನೂ ಅಂದ್ಕೊಳಲ್ಲ. ಹೋದ ತಿಂಗಳು ಇದೇ ಹಾಲ್‌ನಲ್ಲಿ ಒಬ್ರು ಅಕ್ಕ ಮಗನ ಕಾಲೇಜ್ ಬಿಲ್ ಫೋನಲ್ಲಿ ತೋರ್ಸಿ, "ಇವ್ನು ಆಟಾನೂ ಆಡಲ್ಲ ಮ್ಯಾಚೂ ನೋಡಲ್ಲ, ಈ ಅಥ್ಲೆಟಿಕ್ಸ್ ಫೀಸ್ ಯಾಕಪ್ಪ ಕಟ್ಬೇಕು" ಅಂತ ಕೇಳಿದ್ರು. ಅದಕ್ಕೆ ಉತ್ತರ ಹೇಳೋಕೆ ಹೋಗಿ ನಾನು ಕಾಲೇಜ್ ಫುಟ್ಬಾಲು, ಡಿವಿಷನ್ನು, ಸಣ್ಣ ಕಾಲೇಜು ಮೇಲಕ್ಕೆ ಹತ್ತಬೇಕಾ ಬೇಡ್ವಾ ಅಂತೆಲ್ಲ ಶುರು ಮಾಡ್ದೆ, ಅರ್ಧಕ್ಕೇ ನಿಲ್ಲಿಸಿ ಇದನ್ನ ಒಂದು ಉಪನ್ಯಾಸವಾಗೇ ಮಾಡ್ಬಿಡು ಅಂದ್ರಿ. ಐಡಹೋದ ಬಾಯ್ಸಿಯಲ್ಲಿ ಕೂತು ಈ ವಿಷ್ಯ ಮಾತಾಡೋದೇ ಸರಿ ಬಿಡಿ, ಯಾಕಂದ್ರೆ ಇದಕ್ಕೆ ಇಡೀ ಅಮೇರಿಕದಲ್ಲಿ ಸಿಗೋ ಒಳ್ಳೇ ಉದಾಹರಣೆ ಎರಡೂ ನಮ್ಮ ರಾಜ್ಯದಲ್ಲೇ ಇದಾವೆ.

ನಾನು ಎಂಎಸ್ ಮಾಡೋಕೆ 2012ರಲ್ಲಿ ಬಂದಿದ್ದು ಯೂನಿವರ್ಸಿಟಿ ಆಫ್ ಐಡಹೋಗೆ, ಮಾಸ್ಕೋ ಅನ್ನೋ ಊರು. ಮಾಸ್ಕೋಗೆ ಸೀಟ್ ಸಿಕ್ತು ಅಂದಾಗ ನಮ್ಮಪ್ಪ ಊರಲ್ಲೆಲ್ಲಾ ರಷ್ಯಾ ಅಂತ ಹೇಳ್ಕೊಂಡು ಬಂದಿದ್ರು, ಅದು ಬೇರೆ ಕಥೆ. ಸುಮಾರು 25 ಸಾವಿರ ಜನ ಇರೋ ಊರು, ಸುತ್ತ ಗೋಧಿ ಬೆಳೆಯೋ ಗುಡ್ಡಗಳು. ಇಲ್ಲಿಂದ ಹೆಚ್ಚುಕಮ್ಮಿ 300 ಮೈಲಿ. ವೈಟ್ ಬರ್ಡ್ ಘಾಟಿ ಹತ್ತಿ ಇಳಿದು ಹೋಗಿರೋರಿಗೆ ಆ ದಾರಿ ಗೊತ್ತು.

ಮೊದ್ಲು ಎರಡು ಮಾತಲ್ಲಿ ವ್ಯವಸ್ಥೆ ಹೇಳ್ಬಿಡ್ತೀನಿ. ಇದು ಕೈಲಿ ಹಿಡ್ಕೊಂಡು ಓಡೋ ಫುಟ್ಬಾಲ್. 1978ರಲ್ಲಿ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ ತನ್ನ ಡಿವಿಷನ್ ಒಂದನ್ನ ಫುಟ್ಬಾಲ್‌ಗೆ ಮಾತ್ರ ಎರಡು ಹೋಳು ಮಾಡ್ತು, ಒನ್ ಎ ಮತ್ತೆ ಒನ್ ಡಬಲ್ ಎ. 2006ರಿಂದ ಮೇಲಿಂದು ಎಫ್‌ಬಿಎಸ್, ಕೆಳಗಿಂದು ಎಫ್‌ಸಿಎಸ್. ಮೇಲಿನವರಿಗೆ 85 ಸ್ಕಾಲರ್‌ಶಿಪ್, ಕೆಳಗಿನವರಿಗೆ 63, ಮೊನ್ನೆ ಮೊನ್ನೆವರೆಗೂ ಇದೇ ಲೆಕ್ಕ. ಟಿವಿ ದುಡ್ಡೆಲ್ಲ ಮೇಲ್ಗಡೆ.

ಈಗ ನಮ್ಮವರಿಗೆ ಅರ್ಥ ಆಗದೇ ಇರೋ ಭಾಗ. ರಣಜೀಲಿ ಪ್ಲೇಟ್ ಗ್ರೂಪ್ ಗೆದ್ರೆ ಎಲೈಟ್‌ಗೆ ಹೋಗ್ತಾರೆ, ಸೋತವ್ರು ಕೆಳಗೆ ಬರ್ತಾರೆ ಅಲ್ವಾ, ಇಲ್ಲಿ ಆ ಥರ ಇಲ್ವೇ ಇಲ್ಲ. ನಾರ್ತ್ ಡಕೋಟಾ ಸ್ಟೇಟ್ ಯೂನಿವರ್ಸಿಟಿಯವರು 2011ರ ಸೀಸನ್‌ನಿಂದ 2024ರ ಸೀಸನ್‌ವರೆಗೆ ಎಫ್‌ಸಿಎಸ್ ಚಾಂಪಿಯನ್‌ಶಿಪ್ ಹತ್ತು ಸಲ ಗೆದ್ರು, ಹತ್ತು ಸಲ, ಆದ್ರೆ ಆ ಗೆಲುವಿನಿಂದ ತಾನಾಗೇ ಒಂದು ಮೆಟ್ಟಿಲೂ ಮೇಲೆ ಹೋಗ್ಲಿಲ್ಲ. ಮೇಲೆ ಹೋಗೋಕೆ ಮೇಲಿನ ಯಾವ್ದಾದ್ರೂ ಕಾನ್ಫರೆನ್ಸು, ಅಂದ್ರೆ ತಮ್ಮತಮ್ಮಲ್ಲೇ ಆಡೋ ಕಾಲೇಜುಗಳ ಗುಂಪು, ಬಾ ಅಂತ ಕರೀಬೇಕು. ಕರೆಯೋವಾಗ ಅವರು ನೋಡೋದು ನಿಮ್ಮ ಊರಲ್ಲಿ ಎಷ್ಟು ಜನ, ಟಿವಿ ಎಷ್ಟು, ಏರ್‌ಪೋರ್ಟ್ ಎಷ್ಟು ದೂರ. ಒಂಥರ ಹೆಣ್ಣು ನೋಡೋ ಶಾಸ್ತ್ರ ಇದ್ದಂಗೆ, ಹುಡುಗಿ ಎಷ್ಟೇ ಓದಿರ್ಲಿ, ಇವರು ಮನೆ ಕಡೆ ನೋಡ್ತಾರೆ.

1996ಕ್ಕೆ ಬನ್ನಿ. ಆ ವರ್ಷ ಒಂದೇ ಸಲಕ್ಕೆ, ಒಂದೇ ಬಿಗ್ ಸ್ಕೈ ಕಾನ್ಫರೆನ್ಸ್ ಬಿಟ್ಟು ಒಂದೇ ಬಿಗ್ ವೆಸ್ಟ್ ಕಾನ್ಫರೆನ್ಸ್ ಸೇರಿ, ಐಡಹೋ ಮತ್ತೆ ಈ ಊರಿನ ಯೂನಿವರ್ಸಿಟಿ ಬಾಯ್ಸಿ ಸ್ಟೇಟ್ ಎರಡೂ ಮೇಲಕ್ಕೆ ಹತ್ತಿದ್ರು. ಈಗ ಈ ಊರಲ್ಲಿ ಯಾರನ್ನ ಕೇಳಿದ್ರೂ ಬಾಯ್ಸಿ ಸ್ಟೇಟ್ ಅವಾಗ್ಲೇ ದೊಡ್ಡದಿತ್ತು ಬಿಡಿ ಅಂತಾರೆ. ಸುಳ್ಳು. 1982ರಿಂದ 1993ರವರೆಗೆ ಇವರಿಬ್ಬರ ನಡುವಿನ ಆಟವನ್ನ ಸಾಲಾಗಿ ಹನ್ನೆರಡು ವರ್ಷ ಗೆದ್ದಿದ್ದು ಐಡಹೋ! ಮೇಲೆ ಹೋದ ಮೊದಲನೇ ವರ್ಷಾನೇ ಐಡಹೋ 64-19ರಲ್ಲಿ ಬಾಯ್ಸಿನ ಬಡಿದು ಹಾಕ್ತು, ಬಾಯ್ಸಿಯವರು ಆ ಸೀಸನ್ನಲ್ಲಿ ಎರಡು ಗೆದ್ದು ಹತ್ತು ಸೋತಿದ್ರು. 1998ರಲ್ಲಿ ಬಾಯ್ಸಿಯಲ್ಲೇ ಓವರ್‌ಟೈಮ್‌ಗೆ ಹೋಗಿ 36-35 ಗೆದ್ದು ಕಾನ್ಫರೆನ್ಸ್ ಚಾಂಪಿಯನ್ ಆಗಿದ್ದೂ ಐಡಹೋನೇ. ಆಮೇಲೆ 1999ರಿಂದ 2010ರವರೆಗೆ ಸಾಲಾಗಿ ಹನ್ನೆರಡು ಸಲ ಬಾಯ್ಸಿ ಗೆದ್ದಿದೆ. ಹನ್ನೆರಡಕ್ಕೆ ಹನ್ನೆರಡು, ಬಡ್ಡಿ ಸಮೇತ ಅಂತಾನೂ ಹೇಳ್ಬಹುದು.

ಏನಾಯ್ತು ಮಧ್ಯದಲ್ಲಿ? ಕೋಚ್ ಒಳ್ಳೆಯವರು ಸಿಕ್ರು, ನೀಲಿ ಮೈದಾನ ಇತ್ತು, ಅದೆಲ್ಲ ಸರಿ. ಆದ್ರೆ ನಿಜವಾಗ್ಲೂ ಆಗಿದ್ದು ಊರು. ಇದು ರಾಜಧಾನಿ, ಮೈಕ್ರಾನ್ ಇದೆ, ಎಚ್‌ಪಿ ಇದೆ, ನಾವೆಲ್ಲ ಬಂದಿರೋದೇ ಅದಕ್ಕೆ. ಊರು ಬೆಳೀತಾ ಸ್ಟೇಡಿಯಂ ಬೆಳೀತು, ದುಡ್ಡು ಕೊಡೋ ಕಂಪ್ನಿಗಳು ಸಿಕ್ಕಿದ್ವು. ಹಾಸಿಗೆ ಇದ್ದಷ್ಟೇ ಕಾಲು ಚಾಚು ಅಂತ ನಮ್ಮಲ್ಲಿ ಹೇಳ್ತೀವಿ, ಬಾಯ್ಸಿಯವ್ರು ಮೊದ್ಲು ಕಾಲು ಚಾಚಿ ಆಮೇಲೆ ಹಾಸಿಗೆ ಹೊಲಿಸಿದ್ರು, ಹೊಲಿಸೋಕೆ ಬಟ್ಟೆ ಇತ್ತು ಅಷ್ಟೇ. 2000ದ ಸೀಸನ್ ಮುಗಿದ ಮೇಲೆ ಬಿಗ್ ವೆಸ್ಟ್ ಫುಟ್ಬಾಲ್‌ನೇ ನಿಲ್ಲಿಸ್ಬಿಡ್ತು. ಬಾಯ್ಸಿನ ಡಬ್ಲ್ಯುಎಸಿ ಅನ್ನೋ ಇನ್ನೊಂದು ಕಾನ್ಫರೆನ್ಸ್ ಕರೀತು. ಐಡಹೋನ ಆಗ ಕರೀಲಿಲ್ಲ. ಐಡಹೋ ಹೋಗಿ ಸೇರಿದ್ದು ಸನ್ ಬೆಲ್ಟ್‌ಗೆ, ಹೆಸ್ರಲ್ಲೇ ಇದೆ ನೋಡಿ, ಬಿಸಿಲಿನ ದಕ್ಷಿಣದವರ ಗುಂಪು, ಹಿಮ ಬೀಳೋ ಗೋಧಿ ಗುಡ್ಡದವರು ಲೂಯಿಸಿಯಾನಾಗೆ ಅರ್ಕಾನ್ಸಾಗೆ ಫ್ಲೈಟ್ ಹತ್ತಿ ಹೋಗಿ ಆಡ್ಬೇಕು. ಬಾಯ್ಸಿಯವರು 2007ರ ಫಿಯೆಸ್ಟಾ ಬೌಲ್‌ನಲ್ಲಿ, ಬೌಲ್ ಅಂದ್ರೆ ಸೀಸನ್ ಮುಗಿದ ಮೇಲೆ ಆರಿಸಿದ ಟೀಮುಗಳಿಗೆ ಇಡೋ ಆಟ, ಓಕ್ಲಹೋಮಾನ 43-42 ಸೋಲಿಸಿದಾಗ ದೇಶಾನೇ ಕುಣೀತು.

ಕಿಬ್ಬಿ ಡೋಮ್ ಬಗ್ಗೆ ಸ್ವಲ್ಪ ಹೇಳ್ಬೇಕು, ನಂಗೆ ಅದು ಇಷ್ಟ. ಐಡಹೋ ಆಡೋ ಜಾಗ ಅದು, ಹಿಡಿಯೋದು 16,000 ಜನ. ಹೊರಗಿಂದ ನೋಡಿದ್ರೆ ಉಗ್ರಾಣದ ಥರ, ಒಳಗೆ ಹೋಗಿ ತಲೆ ಎತ್ತಿದ್ರೆ ಇಡೀ ಮೈದಾನದ ಮೇಲೆ ಕಮಾನಾಗಿ ಬಗ್ಗಿರೋ ಮರದ ಸೂರು. ನವೆಂಬರ್‌ನಲ್ಲಿ ಹೊರಗೆ ಮೂಗು ಮರಗಟ್ಟೋ ಚಳಿ, ಒಳಗೆ ಬ್ಯಾಂಡ್ ಬಾರಿಸಿದ್ರೆ ಆ ಸೂರಿಗೆ ಬಡಿದು ಎದೆಗೇ ವಾಪಸ್ ಬರತ್ತೆ ಸದ್ದು. ಆದ್ರೆ ಮೇಲಿನ ಡಿವಿಷನ್‌ಗೆ ಇದು ಗುಬ್ಬಚ್ಚಿ ಗೂಡು. ಮೇಲೆ ಹೋದ ಶುರುನಲ್ಲಿ ಜನರ ಲೆಕ್ಕ ತೋರ್ಸೋಕೆ ಕೆಲವು ವರ್ಷ ಹೋಮ್ ಗೇಮ್‌ನೇ ಎಂಟು ಮೈಲಿ ಆಚೆ ಪುಲ್‌ಮನ್‌ನಲ್ಲಿ ಆಡಿದ್ರು, ಅಂದ್ರೆ ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ, ಬೇರೆ ಯೂನಿವರ್ಸಿಟಿ ಸ್ಟೇಡಿಯಂನಲ್ಲಿ. ನಮ್ಮನೆ ಮದುವೆ, ಪಕ್ಕದ ಮನೆ ಚಪ್ಪರ.

ನಾನು ಹೋದ 2012ರಲ್ಲಿ ಟೀಮು ಒಂದು ಗೆದ್ದು ಹನ್ನೊಂದು ಸೋತಿತ್ತು. 2013ರಲ್ಲೂ ಒಂದು, ಹನ್ನೊಂದು. ಅದ್ರಲ್ಲೊಂದು ಫ್ಲೋರಿಡಾ ಸ್ಟೇಟ್ ಹತ್ರ 80-14. ಇದಕ್ಕೆ ಗ್ಯಾರಂಟಿ ಗೇಮ್ ಅಂತಾರೆ, ದೊಡ್ಡವರು ದುಡ್ಡು ಕೊಟ್ಟು ಸಣ್ಣವರನ್ನ ಕರೆಸಿ ಹೊಡೀತಾರೆ, ಸಣ್ಣವರು ಆ ಚೆಕ್ ತಂದು ಬಜೆಟ್ ತೂತು ಮುಚ್ಚುತಾರೆ. 2014ರ ಆಗಸ್ಟ್ ಕೊನೇಲಿ ಫ್ಲೋರಿಡಾದಲ್ಲಿ ಆಟ, ನಾವು ನಾಲ್ಕು ಜನ ಅಪಾರ್ಟ್‌ಮೆಂಟಲ್ಲಿ ಮ್ಯಾಗಿ ಮಾಡ್ಕೊಂಡು ಕೂತಿದ್ವಿ. ಮಿಂಚು, ಮಳೆ, ಗಂಟೆಗಟ್ಲೆ ಕಾದ್ವಿ. ಕೊನೆಗೆ ಆಟ ಶುರುವಾಗಿ ಒಂದೇ ಒಂದು ಕಿಕ್‌ಆಫ್ ಆಯ್ತು, ಮತ್ತೆ ಮಿಂಚು, ಆಟಾನೇ ರದ್ದು. ಆ ಒಂದು ಕಿಕ್‌ಗೆ ಫ್ಲೋರಿಡಾದವರು ಐಡಹೋಗೆ ಒಪ್ಪಂದದ 9,75,000 ಡಾಲರ್ ಪೂರ್ತಿ ಕೊಟ್ರು. ಎಲ್ಲರೂ ನಕ್ಕಿದ್ರು, ನಮ್ಮ ರೂಮ್‌ಮೇಟ್ ಒಬ್ಬ ಅಕೌಂಟಿಂಗ್ ಓದ್ತಿದ್ದ, ಅವ್ನು ಮಾತ್ರ ನಗ್ಲಿಲ್ಲ, "ಈ ಸೀಸನ್‌ನಲ್ಲಿ ಟೀಮಿಂದ ಆದ ಅತ್ಯುತ್ತಮ ಕೆಲ್ಸ ಇದೇ" ಅಂದ. ಆ ವರ್ಷ ಒಂದು ಗೆದ್ದು ಹತ್ತು ಸೋತ್ರು. ರದ್ದಾಗಿದ್ದಕ್ಕೆ ಒಂದು ಸೋಲು ಕಡಿಮೆ.

ಈಗ ಮೊಂಟಾನಾ. ಮಿಸೌಲಾದಲ್ಲಿರೋ ಯೂನಿವರ್ಸಿಟಿ ಆಫ್ ಮೊಂಟಾನಾ, ಐಡಹೋಗೆ ಹಳೇ ಎದುರಾಳಿ. 2010ರಲ್ಲಿ ಡಬ್ಲ್ಯುಎಸಿ ಬಾಗಿಲು ಅವರಿಗೆ ತೆರೆದಿತ್ತು, ಅಷ್ಟರಲ್ಲಿ ಐಡಹೋನೂ ಸನ್ ಬೆಲ್ಟ್ ಬಿಟ್ಟು ಅಲ್ಲಿಗೇ ಸೇರಿತ್ತು. 25,000 ಜನ ತುಂಬೋ ಸ್ಟೇಡಿಯಂ, ಎಫ್‌ಸಿಎಸ್‌ನಲ್ಲಿ ಹೆಸ್ರು, ಎಲ್ಲರೂ ಹೋಗೇ ಹೋಗ್ತಾರೆ ಅಂದ್ಕೊಂಡಿದ್ರು. ಹೋಗಲ್ಲ ಅಂದ್ರು. ಹೇಡಿಗಳು ಅಂತ ಬೈಸ್ಕೊಂಡ್ರು. ಎರಡೇ ವರ್ಷ, 2012ರ ಸೀಸನ್ ಆದ್ಮೇಲೆ ಡಬ್ಲ್ಯುಎಸಿಯಲ್ಲಿ ಫುಟ್ಬಾಲೇ ಸತ್ತೋಯ್ತು, ಒಬ್ಬೊಬ್ಬರಾಗಿ ಎಲ್ಲ ಬೇರೆ ಕಡೆ ಹಾರಿದ್ರು, ಬಸ್ ಸ್ಟ್ಯಾಂಡಲ್ಲಿ ಉಳಿದಿದ್ದು ಇಬ್ರೇ, ಐಡಹೋ ಮತ್ತೆ ನ್ಯೂ ಮೆಕ್ಸಿಕೋ ಸ್ಟೇಟ್. 2014ರಲ್ಲಿ ಸನ್ ಬೆಲ್ಟ್ ಇವರಿಬ್ಬರನ್ನ ಒಳಗೆ ಬಿಟ್ಕೊಳ್ತು, 2016ರ ಮಾರ್ಚ್‌ನಲ್ಲಿ 2017ರ ಸೀಸನ್ ಮುಗಿದ್ಮೇಲೆ ನೀವು ಬೇಡ ಅಂತು. ಅದಕ್ಕೇ ನಾನು ಹೇಳೋದು, ಮೇಲೆ ಹತ್ತಬೇಕಾ ಅಂತ ಕೇಳೋವಾಗ ಎಲ್ಲರೂ ನಮ್ಮ ಟೀಮ್ ತಡ್ಕೊಳತ್ತಾ ಅಂತ ಕೇಳ್ತಾರೆ, ಕೇಳ್ಬೇಕಾಗಿರೋದು ನಮ್ಮನ್ನ ಕರೀತಿರೋರು ಹತ್ತು ವರ್ಷ ಆದ್ಮೇಲೂ ಇರ್ತಾರಾ, ಅವರ ಮನೆ ನಮ್ಮನೆಯಿಂದ ಎಷ್ಟು ದೂರ ಅಂತ. ಟೀಮ್ ಐಡಹೋದೂ ತಡ್ಕೊಂಡಿತ್ತಲ್ಲ, ಶುರುನಲ್ಲಿ ಬಾಯ್ಸಿಗಿಂತ ಚೆನ್ನಾಗೇ ಇತ್ತಲ್ಲ.

ಹಾಗಾದ್ರೆ ಯಾರೂ ಹತ್ತಲೇಬಾರ್ದಾ? ಹಂಗಲ್ಲ. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ 2022ರಲ್ಲಿ ಹತ್ತಿದ್ರು, ಅದೇ ಸನ್ ಬೆಲ್ಟ್‌ಗೆ. ಆದ್ರೆ ಅವರ ಪಾಲಿಗೆ ಸನ್ ಬೆಲ್ಟ್ ಅಂದ್ರೆ ಪಕ್ಕದ ಬೀದಿ, ಓಲ್ಡ್ ಡೊಮಿನಿಯನ್, ಮಾರ್ಷಲ್, ಆಪಲೇಚಿಯನ್ ಸ್ಟೇಟ್ ಎಲ್ಲ ಬಸ್ಸಲ್ಲಿ ಹೋಗಿ ಬರೋ ದೂರ. 2023ರಲ್ಲಿ ಮೊದಲ ಹತ್ತು ಆಟಾನೂ ಗೆದ್ರು, ಹೊಸದಾಗಿ ಹತ್ತಿದವರಿಗೆ ಎರಡು ವರ್ಷ ಬೌಲ್ ಇಲ್ಲ ಅನ್ನೋ ರೂಲ್ ಇದ್ರೂ ಬೇರೆ ಟೀಮ್ ಸಾಲದೇ ಇವರಿಗೂ ಒಂದು ಬೌಲ್ ಸಿಕ್ತು, 2025ರಲ್ಲಿ ಹನ್ನೆರಡು ಟೀಮಿನ ಪ್ಲೇಆಫ್‌ಗೇ ಹೋಗಿ ಓರೆಗಾನ್ ಹತ್ರ ಸೋತ್ರು. ಸಣ್ಣ ಸಾಧನೆ ಅಲ್ಲ. ಕೋಚ್ ಕರ್ಟ್ ಸಿಗ್ನೆಟ್ಟಿ 2023ರ ಸೀಸನ್ ಆದ್ಮೇಲೆ ಇಂಡಿಯಾನಾಗೆ ಹೋದ್ರು, ಹೋಗ್ತಾ ಹಲವು ಆಟಗಾರರೂ ಹಿಂದೇನೇ ಹೋದ್ರು. ಮೇಲೆ ಬಂದ್ರೂ ನಿಮಗಿಂತ ಮೇಲಿನವನು ಇದ್ದೇ ಇರ್ತಾನೆ, ನೀವು ಬೆಳೆಸಿದ ಮಾವಿನಹಣ್ಣು ಅವನ ಬುಟ್ಟಿಗೆ.

ಈಗ ಅಕ್ಕನ ಬಿಲ್‌ಗೆ ಬರ್ತೀನಿ. ಈ ದುಡ್ಡೆಲ್ಲ ಎಲ್ಲಿಂದ? ವರ್ಜೀನಿಯಾದಲ್ಲಿ 2015ರಲ್ಲಿ ಒಂದು ಕಾನೂನೇ ಮಾಡಿದ್ರು, ಆಟದ ಖರ್ಚಲ್ಲಿ ವಿದ್ಯಾರ್ಥಿಗಳ ಫೀಸಿಂದ ಎಫ್‌ಸಿಎಸ್ ಕಾಲೇಜು 70 ಪರ್ಸೆಂಟ್ ಮೀರಿ ತಗೋಬಾರ್ದು, ಎಫ್‌ಬಿಎಸ್‌ನ ಸಣ್ಣ ಕಾನ್ಫರೆನ್ಸ್‌ನವರು 55 ಮೀರಬಾರ್ದು ಅಂತ. ಕೇಳಿಸ್ಕೊಳಿ, ಇದು ಮಿತಿ! ಮಿತಿನೇ ಇಷ್ಟಿದ್ರೆ ಟಿಕೆಟ್ ದುಡ್ಡಲ್ಲಿ ಫುಟ್ಬಾಲ್ ನಡಿಯತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹತ್ತೋಕೆ ಕಟ್ಟೋ ಶುಲ್ಕ ಮುಂಚೆ 5,000 ಡಾಲರ್ ಇತ್ತು, 2023ರಲ್ಲಿ ಅದನ್ನ 50 ಲಕ್ಷ ಡಾಲರ್ ಮಾಡಿದ್ರು. ಫುಟ್ಬಾಲ್ ಸೇರಿ ಹದಿನಾರು ಬಗೆಯ ಕ್ರೀಡೆಗೆ ಟೀಮ್ ಇಟ್ಟು ನಡೆಸ್ಬೇಕು. ಹುಡುಗರ ಫುಟ್ಬಾಲ್ ಸ್ಕಾಲರ್‌ಶಿಪ್ ಜಾಸ್ತಿ ಆದ್ರೆ ಟೈಟಲ್ ನೈನ್ ಕಾನೂನಿನ ಪ್ರಕಾರ ಹುಡುಗೀರ ಆಟಕ್ಕೂ ಸಮ ಮಾಡ್ಬೇಕು, ಅದು ನ್ಯಾಯಾನೇ, ಆದ್ರೆ ಹತ್ತೋರು ಹಾಕೋ ಲೆಕ್ಕದಲ್ಲಿ ಈ ಸಾಲು ಮಾತ್ರ ಯಾವಾಗ್ಲೂ ಮರ್ತೋಗಿರತ್ತೆ. ಇದೆಲ್ಲದರ ಮೇಲೆ 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡ್ಬಹುದು, ಮೊದಲ ವರ್ಷದ ಮಿತಿನೇ ಸುಮಾರು 2 ಕೋಟಿ 5 ಲಕ್ಷ ಡಾಲರ್. ಮಾಸ್ಕೋ ಥರದ ಊರು ಇದನ್ನ ಎಲ್ಲಿಂದ ತರತ್ತೆ ಹೇಳಿ.

2016ರ ಏಪ್ರಿಲ್‌ನಲ್ಲಿ ಐಡಹೋ ಪ್ರೆಸಿಡೆಂಟ್ ಚಕ್ ಸ್ಟೇಬೆನ್ ನಾವು 2018ಕ್ಕೆ ಕೆಳಗೆ ವಾಪಸ್ ಬಿಗ್ ಸ್ಕೈಗೆ ಹೋಗ್ತೀವಿ ಅಂತ ಹೇಳಿದ್ರು. ಎಫ್‌ಬಿಎಸ್ ಬಿಟ್ಟು ಎಫ್‌ಸಿಎಸ್‌ಗೆ ಇಳಿದ ಮೊದಲನೇ ಕಾಲೇಜು. ಹಳೇ ವಿದ್ಯಾರ್ಥಿಗಳು ಉರ್ಕೊಂಡ್ರು, ನಾನೂ ಉರ್ಕೊಂಡಿದ್ದೆ, ನಿಜ ಹೇಳ್ತೀನಿ, ಏನೋ ನಮ್ಮ ಡಿಗ್ರಿನೇ ಇಳಿಸ್ಬಿಟ್ರು ಅನ್ನೋ ಥರ. ತಮಾಷೆ ಏನಂದ್ರೆ ಇಳೀತೀವಿ ಅಂದ ವರ್ಷಾನೇ ಒಂಬತ್ತು ಗೆದ್ರು, ಇಲ್ಲೇ ಬಾಯ್ಸಿಯ ನೀಲಿ ಮೈದಾನದಲ್ಲಿ ಪೊಟೇಟೋ ಬೌಲ್ ಆಡಿ ಕೊಲರಾಡೋ ಸ್ಟೇಟ್‌ನ 61-50 ಸೋಲಿಸಿದ್ರು. ನಾನು ಅಷ್ಟ್ರಲ್ಲಿ ಕೆಲ್ಸಕ್ಕೆ ಅಂತ ಇಲ್ಲಿಗೆ ಬಂದಿದ್ದೆ, ಎರಡು ಸ್ವೆಟರ್ ಮೇಲೆ ಜಾಕೆಟ್ ಹಾಕ್ಕೊಂಡು ಹೋಗಿದ್ದೆ, ನನ್ನ ಮುಂದಿನ ಸಾಲಲ್ಲಿ ಒಬ್ಬ ಅಜ್ಜ ಗೆದ್ದ ಮೇಲೂ ಅಲ್ಲಾಡದೇ ಕೂತಿದ್ರು, ಎದ್ದು ಹೋಗೋಕೆ ಮನಸ್ಸಿಲ್ದೇ ಇರೋರ ಥರ.

ಇಳಿದ ಮೇಲೆ ಮೊದಮೊದ್ಲು ಏನೂ ಚೆನ್ನಾಗಿರ್ಲಿಲ್ಲ. ಆಮೇಲೆ 2022ರಿಂದ 2024ರವರೆಗೆ ಸಾಲಾಗಿ ಮೂರು ವರ್ಷ ಪ್ಲೇಆಫ್‌ಗೆ ಹೋದ್ರು. ಮೊಂಟಾನಾ ಜೊತೆ ಆಡೋ ಆಟಕ್ಕೆ 1938ರಿಂದ ಒಂದು ಟ್ರೋಫಿ ಇದೆ, ಲಿಟಲ್ ಬ್ರೌನ್ ಸ್ಟೈನ್ ಅಂತ, ಕಂದು ಬಣ್ಣದ ಬೀರ್ ಮಗ್. ಮೇಲಿನ ಡಿವಿಷನ್‌ನಲ್ಲಿ ಅಲೆದಾಡೋವಾಗ ಅದಕ್ಕೆ ಎಷ್ಟೋ ವರ್ಷ ಆಟಾನೇ ಇರ್ಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಮಿಸೌಲಾಗೇ ಹೋಗಿ 30-23 ಗೆದ್ರು. ನಾನು ಆಫೀಸ್ ಕೆಲ್ಸದ ಮಧ್ಯ ಫೋನಲ್ಲಿ ನೋಡ್ತಿದ್ದೆ. ಮುಗಿದ ತಕ್ಷಣ ಆ ಅಕೌಂಟಿಂಗ್ ರೂಮ್‌ಮೇಟ್‌ಗೆ ಫೋನ್ ಮಾಡ್ದೆ, ಅವ್ನು ಎತ್ತಿದವನೇ ಕೇಳಿದ್ದು ಒಂದೇ, "ಅಲ್ಲಿಗೆ ಬಸ್ಸಲ್ಲೇ ಹೋಗಿದ್ರಾ?"