ವೀರ್ಯಾಣುವನ್ನು ಸಾಕುವ ಕೋಶಗಳು

ಕೇಳುಗರೇ, ನಮಸ್ಕಾರ.

ವೀರ್ಯಪರೀಕ್ಷೆಯಲ್ಲಿ ಎಣಿಕೆ ಕಡಿಮೆ ಬಂದರೆ ಎಲ್ಲರ ಗಮನ ವೀರ್ಯಾಣುವಿನ ಮೇಲೆ. ಅದನ್ನು ಸಾಕಿ ಬೆಳೆಸುವ ಕೋಶಗಳ ಬಗ್ಗೆ ವಿಚಾರಿಸುವವರು ಕಡಿಮೆ. ಇವತ್ತು ಅವುಗಳ ಬಗ್ಗೆಯೇ ಮಾತಾಡೋಣ.

ವೃಷಣದೊಳಗೆ ಹೊಲಿಗೆ ದಾರದಷ್ಟು ಸಣ್ಣ ನಾಳಿಕೆಗಳು ನೂರಾರು, ಸುರುಳಿ ಸುತ್ತಿಕೊಂಡಿವೆ. ಅವುಗಳ ಗೋಡೆಯಲ್ಲಿ ಬುಡದಿಂದ ಒಳಭಾಗದವರೆಗೆ ನೀಳವಾಗಿ ನಿಂತಿರುವುದೇ ಸರ್ಟೋಲಿ ಕೋಶ. ಇಟಲಿಯ ಎನ್ರಿಕೊ ಸರ್ಟೋಲಿ 1865ರಲ್ಲಿ ಇದನ್ನು ವಿವರಿಸಿದರು. ಎಳೆಯ ವೀರ್ಯಾಣುಗಳು ಇದರ ಮಡಿಕೆಗಳಲ್ಲಿ ಹುದುಗಿ, ಇದು ಒದಗಿಸುವ ಲ್ಯಾಕ್ಟೇಟ್‌ನಿಂದ ಶಕ್ತಿ ಪಡೆದು ಬೆಳೆಯುತ್ತವೆ. ಒಂದು ಸರ್ಟೋಲಿ ಕೋಶ ಸಾಕಬಲ್ಲದ್ದು ಇಂತಿಷ್ಟೇ. ಈ ಕೋಶಗಳ ಸಂಖ್ಯೆಯೂ ಪ್ರೌಢಾವಸ್ಥೆಯ ಹೊತ್ತಿಗೆ ಬಹುತೇಕ ನಿಗದಿಯಾಗಿಬಿಡುತ್ತದೆ.

ಇದರ ಇನ್ನೊಂದು ಕೆಲಸ ಕಾವಲು. ವೀರ್ಯಾಣು ಹುಟ್ಟುವುದು ಪ್ರೌಢಾವಸ್ಥೆಯಲ್ಲಿ. ದೇಹದ ರೋಗನಿರೋಧಕ ಪಡೆ ತನ್ನವರು ಯಾರೆಂದು ಗುರುತಿಸಲು ಕಲಿಯುವುದು ಅದಕ್ಕಿಂತ ಎಷ್ಟೋ ಮುಂಚೆ. ಹಾಗಾಗಿ ವೀರ್ಯಾಣು ಅದರ ಕಣ್ಣಿಗೆ ಬಿದ್ದರೆ ಪರಕೀಯವೇ. ಅಕ್ಕಪಕ್ಕದ ಸರ್ಟೋಲಿ ಕೋಶಗಳು ಬಿಗಿಯಾಗಿ ಬೆಸೆದುಕೊಂಡು ತಡೆಗೋಡೆ ಕಟ್ಟುವುದು ಇದಕ್ಕಾಗಿಯೇ. ಆದರೂ ನಾಳಿಕೆಯ ಬುಡದಲ್ಲಿರುವ, ಮುಂದೆ ವೀರ್ಯಾಣುವಾಗಲಿರುವ ಕೋಶ ಅರೆವಿಭಜನೆಗಾಗಿ, ಅಂದರೆ ವರ್ಣತಂತುಗಳನ್ನು ಅರ್ಧಕ್ಕಿಳಿಸುವ ವಿಭಜನೆಗಾಗಿ, ಈ ಗೋಡೆ ದಾಟಿ ಒಳಗೆ ಹೋಗಲೇಬೇಕು. ಆಗ ಮೊದಲು ಅದರ ಹಿಂದೆ ಹೊಸ ಬೆಸುಗೆ ಕೂಡುತ್ತದೆ, ಆಮೇಲಷ್ಟೇ ಮುಂದಿನದು ಬಿಚ್ಚಿಕೊಳ್ಳುತ್ತದೆ. ಒಂದು ಕ್ಷಣವೂ ಬಾಗಿಲು ಹಾರುಹೊಡೆದಿರುವುದಿಲ್ಲ. ಎಷ್ಟು ಅಚ್ಚುಕಟ್ಟು ನೋಡಿ! ಪೆಟ್ಟಿನಿಂದಲೋ ಶಸ್ತ್ರಕ್ರಿಯೆಯಿಂದಲೋ ಈ ಗೋಡೆ ಒಡೆದರೆ ವೀರ್ಯಾಣುಗಳ ವಿರುದ್ಧವೇ ಪ್ರತಿಕಾಯಗಳು ಹುಟ್ಟಬಹುದು.

ನಾಳಿಕೆಗಳ ನಡುವಿನ ಸಂದಿಯಲ್ಲಿ ಲೇಡಿಗ್ ಕೋಶಗಳಿವೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನು ಬಂದಾಗ ಇವು ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ತಯಾರಿಸುತ್ತವೆ. ವೃಷಣದೊಳಗೆ ಇದರ ಪ್ರಮಾಣ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು; ವೀರ್ಯಾಣು ಬೆಳೆಯಲು ಅಷ್ಟು ಬೇಕು. ಮೈಕಟ್ಟಿಗೆಂದು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವವರು ಇದನ್ನು ಗಮನವಿಟ್ಟು ಕೇಳಬೇಕು. ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯುಟರಿ ಎಲ್‌ಎಚ್ ಕೊಡುವುದನ್ನು ನಿಲ್ಲಿಸುತ್ತದೆ, ಲೇಡಿಗ್ ಕೋಶಗಳು ಸುಮ್ಮನಾಗುತ್ತವೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ತುಂಬಿದ್ದರೂ ವೃಷಣದೊಳಗೆ ಬರ. ವೀರ್ಯಾಣು ಸೊನ್ನೆಗೂ ಇಳಿಯಬಹುದು. ಚುಚ್ಚುಮದ್ದು ಬಿಟ್ಟ ಮೇಲೂ ಚೇತರಿಕೆಗೆ ತಿಂಗಳುಗಟ್ಟಲೆ ಬೇಕು.

ಬುಡದ ಕೋಶವೊಂದು ಬಾಲ ಬಂದ ವೀರ್ಯಾಣುವಾಗಲು ಸುಮಾರು 74 ದಿನ. ಅಲ್ಲಿಂದ ವೃಷಣದ ಹಿಂಬದಿಯ ಸುರುಳಿನಾಳದಲ್ಲಿ ಈಜಲು ಕಲಿಯುತ್ತಾ ಸಾಗಲು ಮತ್ತಷ್ಟು ದಿನ. ವೃಷಣಕ್ಕೆ ದೇಹಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕಾದ್ದರಿಂದ, ಎರಡು ತಿಂಗಳ ಹಿಂದೆ ಬಂದು ಹೋದ ತೀವ್ರ ಜ್ವರವೂ ಇವತ್ತಿನ ವರದಿಯಲ್ಲಿ ಕಾಣಿಸಿಕೊಳ್ಳಬಹುದು. ಹಾಗಾಗಿ ಒಂದೇ ವರದಿ ನೋಡಿ ಎದೆಗುಂದಬೇಡಿ. ಜ್ವರ ಬಂದಿದ್ದರೆ ಮೂರು ತಿಂಗಳು ಬಿಟ್ಟು, ಮಾದರಿ ಕೊಡುವ ಮುನ್ನ 2ರಿಂದ 7 ದಿನ ಸ್ಖಲನವಿಲ್ಲದೆ ಇದ್ದು, ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಎಣಿಕೆ ಸೊನ್ನೆ ಬಂದಿದ್ದರೆ ಮಾತ್ರ ಕಾಯದೆ ತಜ್ಞರನ್ನು ಕಾಣಿ.

ನಮಸ್ಕಾರ.