ಐನಿ ಆಪಾ ಬರೆದ ಬೆಂಕಿಯ ನದಿ

ಕೇಳುಗರೇ, ನಮಸ್ಕಾರ. ನಮ್ಮ ವಿ.ಕೃ. ಗೋಕಾಕರಿಗೆ 1990ರ ಜ್ಞಾನಪೀಠ ಬಂದದ್ದು ನಿಮಗೆ ಗೊತ್ತೇ ಇದೆ. ಅದರ ಹಿಂದಿನ ವರ್ಷದ್ದು ಉರ್ದು ಕಾದಂಬರಿಕಾರ್ತಿ ಖುರ್ರತುಲ್ ಐನ್ ಹೈದರ್ ಅವರಿಗೆ ಸಂದಿತ್ತು. ಓದುಗರ ಬಾಯಲ್ಲಿ ಅವರು ಐನಿ ಆಪಾ.

ಹುಟ್ಟಿದ್ದು ಅಲೀಗಢದಲ್ಲಿ, 1927ರಲ್ಲಿ. ಅಪ್ಪ, ಅಮ್ಮ ಇಬ್ಬರೂ ಉರ್ದು ಲೇಖಕರು. ಲಖನೌದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸುವ ಹೊತ್ತಿಗೆ ದೇಶ ಇಬ್ಭಾಗವಾಯಿತು, 1947ರ ಕೊನೆಗೆ ಪಾಕಿಸ್ತಾನಕ್ಕೆ ಹೋದರು, ಅಲ್ಲಿ ಸರ್ಕಾರಿ ನೌಕರಿ, ಅಲ್ಲಿಂದ ಲಂಡನ್, ಅಲ್ಲಿ ಡೈಲಿ ಟೆಲಿಗ್ರಾಫ್ ಪತ್ರಿಕೆಗೆ ವರದಿಗಾರ್ತಿ, ಬಿಬಿಸಿಯಲ್ಲೂ ಕೆಲಸ. ಹೊಟ್ಟೆಪಾಡಿಗೆ ಇಂಗ್ಲಿಷ್ ಬರೆದರೂ ಕಾದಂಬರಿ ಬರೆಯಲು ಕೂತಾಗ ಉರ್ದುವನ್ನೇ ಹಿಡಿದರಲ್ಲ, ಅದು ನನಗೆ ದೊಡ್ಡ ಮಾತು.

1959ರಲ್ಲಿ ‘ಆಗ್ ಕಾ ದರಿಯಾ’ ಬಂತು. ಬೆಂಕಿಯ ನದಿ. ಕತೆ ಶುರುವಾಗುವುದು ಮೌರ್ಯರ ಕಾಲದಲ್ಲಿ, ನಿಲ್ಲುವುದು ದೇಶ ವಿಭಜನೆಯ ನಂತರ. ಗೌತಮ, ಚಂಪಾ, ಕಮಾಲ್ ಎನ್ನುವ ಅವೇ ಹೆಸರುಗಳು ಕಾಲದಿಂದ ಕಾಲಕ್ಕೆ ಮತ್ತೆ ಮತ್ತೆ ಬರುತ್ತವೆ. ಒಂದು ಜಾಗ ಹೇಳಲೇಬೇಕು. ಗೌತಮ ನೀಲಾಂಬರ ಸರಯೂ ನದಿಯಲ್ಲಿ ಈಜುತ್ತಿದ್ದಾನೆ. ಒಂದು ಬಂಡೆಗೆ ಕೈ ಹಾಕುತ್ತಾನೆ. ಆದರೆ ಯುದ್ಧದಲ್ಲಿ ಬೆರಳು ಕಳೆದುಕೊಂಡ ಕೈ ಅದು. ಹಿಡಿತ ಜಾರುತ್ತದೆ, ನೀರು ಅವನ ಮೇಲೆ ಹಾದುಹೋಗುತ್ತದೆ. ಮುಂದೆ ನೋಡಿದರೆ ದಡದಲ್ಲಿ ಕಮಾಲುದ್ದೀನ್ ಇದ್ದಾನೆ, ಕಾಲ ಹದಿನೈದನೇ ಶತಮಾನ! ನಡುವಿನ ಅಷ್ಟೂ ಶತಮಾನಗಳನ್ನು ಒಂದೇ ಅಲೆಯಲ್ಲಿ ದಾಟಿಸಿಬಿಡುತ್ತಾರೆ. ನಿನ್ನೆ ಮೊನ್ನೆ ಎಳೆದ ಗೆರೆಯಿಂದ ಇಂಥ ನದಿಯನ್ನು ಎರಡು ಮಾಡೋಕಾಗುತ್ತಾ? ಕಾದಂಬರಿಯ ಉದ್ದಕ್ಕೂ ಕಾಡುವ ಪ್ರಶ್ನೆ ಇದೇ. ಕೊನೆಯ ಭಾಗದಲ್ಲಿ ನಮ್ಮ ಕಾಲದ ಕಮಾಲ್ ಲಖನೌದ ಮನೆ ಕಳೆದುಕೊಂಡು, ಕೆಲಸವೂ ಸಿಗದೆ, ಬೇಡದ ಮನಸ್ಸಿನಲ್ಲಿ ಪಾಕಿಸ್ತಾನಕ್ಕೆ ಹೊರಡುತ್ತಾನೆ. ಓದುವಾಗ ಎದೆ ಭಾರವಾಗುತ್ತದೆ.

ಪಾಕಿಸ್ತಾನದಲ್ಲಿ ಈ ಪುಸ್ತಕಕ್ಕೆ ಜೋರು ವಿರೋಧ ಎದ್ದಿತು. 1960ರ ದಶಕದ ಆರಂಭದಲ್ಲಿ ಐನಿ ಆಪಾ ಭಾರತಕ್ಕೆ ಮರಳಿದರು. ಮುಂಬೈಯಲ್ಲಿ ಮೊದಲು ‘ಇಂಪ್ರಿಂಟ್’, ಆಮೇಲೆ ‘ಇಲ್ಲಸ್ಟ್ರೇಟೆಡ್ ವೀಕ್ಲಿ’. ಹತ್ತು ವರ್ಷಕ್ಕೂ ಜಾಸ್ತಿ ಪತ್ರಿಕಾ ಕಚೇರಿಯ ದುಡಿಮೆ, ಜೊತೆಜೊತೆಗೇ ಕತೆ, ಕಾದಂಬರಿ.

2007ರ ಆಗಸ್ಟ್‌ನಲ್ಲಿ ನೋಯ್ಡಾದಲ್ಲಿ ತೀರಿಕೊಂಡರು. ಉರ್ದು ಲಿಪಿ ಬಾರದವರು ಸುಮ್ನೆ ಹಿಂಜರಿಯಬೇಕಿಲ್ಲ. 1998ರಲ್ಲಿ ‘ರಿವರ್ ಆಫ್ ಫೈರ್’ ಹೆಸರಿನಲ್ಲಿ ಸ್ವತಃ ಅವರೇ ಇದನ್ನು ಇಂಗ್ಲಿಷಿಗೆ ತಂದಿದ್ದಾರೆ. ಅಲ್ಲಿಂದ ಶುರು ಮಾಡಿ.