ಅರ್ಥವಿಲ್ಲದ ಮಾತು ಮಾಡುವ ಕೆಲಸ

ಕೇಳುಗರಿಗೆ ನಮಸ್ಕಾರ.

'ಯಾಬಾ ಡಾಬಾ ಡೂ!' ತೊಂಬತ್ತರ ದಶಕದಲ್ಲಿ ಮನೆಗೆ ಕೇಬಲ್ ಹಾಕಿಸಿಕೊಂಡವರಿಗೆ ಈ ಕೂಗು ಯಾರದ್ದು ಅಂತ ಹೇಳಬೇಕಾಗಿಲ್ಲ. ಶಿಲಾಯುಗದಲ್ಲಿ ಸಂಸಾರ ಹೂಡಿದ ಫ್ರೆಡ್ ಫ್ಲಿಂಟ್‌ಸ್ಟೋನ್‌ದು. ಈ ಕಾರ್ಟೂನು ಅಮೆರಿಕದ ಟಿವಿಯಲ್ಲಿ ಶುರುವಾಗಿದ್ದು 1960ರಲ್ಲಿ. ಫ್ರೆಡ್‌ಗೆ ದನಿ ಕೊಟ್ಟವರು ಅಲನ್ ರೀಡ್. ಅವರ ಕೈಗೆ ಬಂದ ಸ್ಕ್ರಿಪ್ಟಿನಲ್ಲಿ ಬರೀ 'ಯಾಹೂ' ಅಂತ ಇತ್ತು. ಅದರ ಬದಲು ಯಾಬಾ ಡಾಬಾ ಡೂ ಅನ್ನಲಾ ಅಂತ ರೀಡ್ ಕೇಳಿದರು. ಆಗಲಿ ಅಂದರು. ಆ ಕೂಗು ಹುಟ್ಟಿದ್ದು ಹೀಗೆ.

ಇದರ ಅರ್ಥ ಏನು? ಯಾವ ನಿಘಂಟು ತೆಗೆದರೂ ಪ್ರಯೋಜನ ಇಲ್ಲ. ಆದರೆ ಫ್ರೆಡ್ ಅದನ್ನು ಯಾವಾಗ ಕೂಗುತ್ತಾನೆ, ನೆನಪು ಮಾಡಿಕೊಳ್ಳಿ. ಕಲ್ಲು ಕ್ವಾರಿಯಲ್ಲಿ ಅವನ ಕೆಲಸ. ಪಾಳಿ ಮುಗಿದಾಗ ಒಂದು ಹಕ್ಕಿಯ ಬಾಲ ಎಳೆಯುತ್ತಾರೆ, ಅದು ಕಿರುಚುತ್ತದೆ. ಅದೇ ಅಲ್ಲಿಯ ಸೈರನ್. ಆ ಸದ್ದು ಕೇಳಿದ್ದೇ ತಡ, ಫ್ರೆಡ್ ಡೈನೋಸಾರಿನ ಬೆನ್ನಿನಿಂದ ಬಾಲದ ಮೇಲೆ ಸರ್ರನೆ ಜಾರಿ ಕಾರು ಸೇರುತ್ತಾನೆ. ಜಾರುವಾಗ ಕೂಗುತ್ತಾನೆ. ದಿನವಿಡೀ ದುಡಿದು ಮನೆಗೆ ಹೊರಟವನ ಕೂಗು ಅದು. ಯಾವ ದೇಶದ ಕೂಲಿಕಾರನಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮಾತುಗಳ ಅರ್ಥ ಅಕ್ಷರಗಳಲ್ಲಿ ಇರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಯಾರು ಹೇಳಿದರು, ಯಾವಾಗ ಹೇಳಿದರು, ಆಗ ಅವರ ಕೈ ಏನು ಮಾಡುತ್ತಿತ್ತು, ಅಲ್ಲಿ ಹುಡುಕಬೇಕು.

ಕೈ ಅಂದಾಗ ನನಗೆ ಥಟ್ಟನೆ ನೆನಪಾಗುವವನು ಲಿಟ್ಲ್ ರಿಚರ್ಡ್. ರಾಕ್ ಅಂಡ್ ರೋಲ್ ಸಂಗೀತ ಕಟ್ಟಿದವರಲ್ಲಿ ಒಬ್ಬ. 'ಟೂಟಿ ಫ್ರೂಟಿ' ಎಂಬ ಅವನ ಹಾಡು ಒಂದು ಕೂಗಿನಿಂದ ಶುರುವಾಗುತ್ತದೆ. 'ಅವಾಪ್ ಬಾಪ್ ಅ ಲೂ ಬಾಪ್, ಅ ಲಾಪ್ ಬ್ಯಾಮ್ ಬೂಮ್!' ಈ ಹಾಡಿಗೆ ಮೊದಲು ಅವನು ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆಯುತ್ತಿದ್ದ. ಧಣಿ ರಾಶಿ ರಾಶಿ ಪಾತ್ರೆ ತಂದು ಹಾಕುತ್ತಲೇ ಇರುತ್ತಿದ್ದ. ಆ ಕಾಲದ ಅಮೆರಿಕದ ದಕ್ಷಿಣ ಭಾಗ, ಕರಿಯ ಹುಡುಗ. ಎದುರು ಮಾತಾಡುವ ಹಾಗಿಲ್ಲ. ಸಾಕಪ್ಪಾ ಅಂತ ಬಾಯಿ ಬಿಟ್ಟು ಹೇಳುವ ಹಾಗೂ ಇಲ್ಲ. ಆಗ ಬಾಯಿಗೆ ಬಂದದ್ದೇ ಆ ಕೂಗು ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಹೇಳಬೇಕಾದ್ದನ್ನು ಹೇಳಿಯೂ ಆಯಿತು, ಸಿಕ್ಕಿಬೀಳಲೂ ಇಲ್ಲ. ಅರ್ಥ ಇದ್ದಿದ್ದರೆ ಕೆಲಸ ಹೋಗುತ್ತಿತ್ತು, ಅಲ್ವಾ?

1955ರ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅವನ ರೆಕಾರ್ಡಿಂಗ್ ಇತ್ತು. ಹಾಡಿದ ಯಾವುದೂ ಸರಿಹೋಗುತ್ತಿಲ್ಲ. ಊಟದ ವಿರಾಮದಲ್ಲಿ ಒಂದು ಪಿಯಾನೋ ಕಂಡಿತು. ಕೂತು ಈ ಹಾಡನ್ನು ಬಾರಿಸಿಯೇಬಿಟ್ಟ. ರೆಕಾರ್ಡಿಂಗ್ ಮಾಡಿಸುತ್ತಿದ್ದ ಬಂಪ್ಸ್ ಬ್ಲ್ಯಾಕ್‌ವೆಲ್ ಕಿವಿ ನೆಟ್ಟಗಾಯಿತು. ಆದರೆ ಸಾಲುಗಳು ಪೋಲಿ, ರೇಡಿಯೋದಲ್ಲಿ ಹಾಕುವಂಥವಲ್ಲ. ಡೊರೊಥಿ ಲಾಬಾಸ್ಟ್ರಿ ಎಂಬ ಯುವತಿಯನ್ನು ಕರೆಸಿ ಹೊಸ ಸಾಲು ಬರೆಸಿದರು. ಅರ್ಥ ಇದ್ದ ಸಾಲುಗಳನ್ನು ಬದಲಾಯಿಸಬೇಕಾಯಿತು. ಕೂಗು ಉಳಿಯಿತು. ಆ ಹಾಡಿಗೆ ಡ್ರಮ್ ನುಡಿಸಿದವರು ಅರ್ಲ್ ಪಾಮರ್. ನೀವು ಹಾಡು ಕೇಳಿ ನೋಡಿ, ಆ ಕೂಗೇ ಒಂದು ಡ್ರಮ್ಮು. ನಮ್ಮಲ್ಲಿ ಕೊನ್ನಕೋಲು, ಅಂದರೆ ಮೃದಂಗದ ನುಡಿಯನ್ನು ಬಾಯಲ್ಲೇ, ಹೇಳುವವರು ತಕಧಿಮಿ ತಕಜುಣು ಅನ್ನುವಾಗ ಅರ್ಥ ಏನು ಅಂತ ಯಾರೂ ಕೇಳುವುದಿಲ್ಲ. ತಾಳ ತಪ್ಪಿತಾ ಅಂತ ಮಾತ್ರ ನೋಡುತ್ತೇವೆ.

ಹಿಂದಿಯ 'ಈನಾ ಮೀನಾ ಡೀಕಾ' ನಿಮಗೆ ಗೊತ್ತೇ ಇದೆ. 1957ರ ಹಾಡು, ಸಂಗೀತ ಸಿ. ರಾಮಚಂದ್ರ ಅವರದ್ದು. ಹೊರಗೆ ಆಡುತ್ತಿದ್ದ ಮಕ್ಕಳ ಎಣಿಕೆ ಪದ ಕೇಳಿ ಅದು ಹೊಳೆಯಿತಂತೆ. ಅದರಲ್ಲಿ ಬರುವ 'ಮಾಕಾ ನಾಕಾ' ಸೇರಿಸಿದ್ದು ಅವರ ಜೊತೆ ಕೆಲಸ ಮಾಡುತ್ತಿದ್ದ ಗೋವಾದ ಜಾನ್ ಗೋಮ್ಸ್ ಎನ್ನುತ್ತಾರೆ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅದು 'ನಂಗೆ ಬೇಡ' ಅನ್ನುವ ದಿನಬಳಕೆಯ ಮಾತು. ಉಳಿದವರಿಗೆ ಬರೀ ಸದ್ದು. ಎರಡೂ ಕಡೆ ಹಾಡು ನಡೆಯಿತು.

ಈಗ ನಮ್ಮ ಒರಳಿನ ಹತ್ತಿರ ಬರೋಣ. ಮಿಲ್ಲು ಬರುವ ಮುಂಚೆ ಭತ್ತ ಕುಟ್ಟುತ್ತಿದ್ದದ್ದು ಒನಕೆಯಲ್ಲಿ. ಒಂದು ಒರಳು, ಎದುರಾಬದುರಾ ಇಬ್ಬರು ಹೆಂಗಸರು, ಎರಡು ಒನಕೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ ಬೀಳಬೇಕು. ಒಂಚೂರು ಹೆಚ್ಚುಕಮ್ಮಿ ಆದರೂ ಒನಕೆಗೆ ಒನಕೆ ಬಡಿಯುತ್ತದೆ, ಕೈ ಜುಮ್ಮೆನ್ನುತ್ತದೆ. ಆ ಅಳತೆ ಕಾಯುತ್ತಿದ್ದದ್ದು ಕುಟ್ಟುತ್ತಾ ಹೇಳುತ್ತಿದ್ದ ಹಾಡಿನ 'ಸುವ್ವಿ'. ಸಾಲಿನ ಕೊನೆಗೆ ಸುವ್ವಿ ಬಂತು ಅಂದರೆ ಉಸಿರು ಬಿಡಬಹುದು, ಮುಂದಿನ ಸಾಲು ನೆನಪು ಮಾಡಿಕೊಳ್ಳಬಹುದು. ಕತೆ, ದೇವರು, ತವರು, ಅತ್ತೆಮನೆ ಎಲ್ಲ ಉಳಿದ ಸಾಲುಗಳಲ್ಲಿ ಇರುತ್ತಿತ್ತು. ಆದರೆ ಅಕ್ಕಿ ಆಗುತ್ತಿದ್ದದ್ದು ಸುವ್ವಿಯ ತಾಳದಲ್ಲಿ. ಈ ಹಾಡುಗಳನ್ನು ಪುಸ್ತಕದಲ್ಲಿ ಹಾಕುವಾಗ ಸುವ್ವಿಯನ್ನು ಒಂದು ಸಲ ಬರೆದು ಉಳಿದ ಕಡೆ ಬಿಟ್ಟುಬಿಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಹಾಡಿನ ಬೆನ್ನುಮೂಳೆಯನ್ನೇ ತೆಗೆದ ಹಾಗೆ ಅದು.

ಮಕ್ಕಳದ್ದು ಇನ್ನೂ ಸೊಗಸು. 'ಅವಲಕ್ಕಿ ಪವಲಕ್ಕಿ ಕಾಂಚಣ ಮಿಣಮಿಣ ಡಾಂ ಡೂಂ ಟಸ್ ಪುಸ್ ಕೊಂಯ್ ಕೊಟಾರ್.' ಎಲ್ಲರೂ ಸುತ್ತ ಕೂತು ಅಂಗೈ ನೆಲಕ್ಕೆ ಹಚ್ಚಿರುತ್ತಾರೆ. ಒಬ್ಬಳು ಒಂದೊಂದು ಮಾತಿಗೆ ಒಂದೊಂದು ಕೈ ಮುಟ್ಟುತ್ತಾ ಹೋಗುತ್ತಾಳೆ. ಕೊಟಾರ್ ಯಾರ ಕೈ ಮೇಲೆ ಬಿತ್ತೋ ಆ ಕೈ ಆಟದಿಂದ ಆಚೆ. ಜಗಳ ಇಲ್ಲ, ಮೇಲ್ಮನವಿ ಇಲ್ಲ. ಒಂದು ತುತ್ತು ಹೋಳಿಗೆಗೆ ಊರೇ ಒಂದು ಮಾಡುವ ಮಕ್ಕಳು ಈ ತೀರ್ಪನ್ನು ಸುಮ್ನೆ ಒಪ್ಪಿಕೊಳ್ಳುತ್ತವೆ. ಯಾಕೆ? ಅರ್ಥ ಇರುವ ಮಾತಾದರೆ ಜಾಣ ಹುಡುಗ ಅದನ್ನು ತನ್ನ ಕಡೆಗೆ ತಿರುಚಿಕೊಳ್ಳುತ್ತಿದ್ದ. 'ಟಸ್ ಪುಸ್' ಅನ್ನುವುದನ್ನು ಯಾರ ಕಡೆಗೆ ತಿರುಚುತ್ತೀರಿ? ದೊಡ್ಡವನ ಮನೆ ಮಗು, ಆಳಿನ ಮನೆ ಮಗು, ಇಬ್ಬರ ಕೈಗೂ ಒಂದೇ ಲೆಕ್ಕ.

ಅರ್ಥವಿಲ್ಲದ್ದೆಲ್ಲ ಚೆನ್ನ ಅಂತ ನಾನು ಹೇಳುತ್ತಿಲ್ಲ. ಸಿನಿಮಾದಲ್ಲಿ ಟ್ಯೂನ್ ಕೊಡುವಾಗ ಡಮ್ಮಿ ಸಾಲು ಹಾಕುತ್ತಾರೆ, ಆಮೇಲೆ ಕವಿ ಬರೆಯುತ್ತಾರೆ. 1963ರ ಇಂಗ್ಲಿಷ್ ಹಾಡು 'ಡಾ ಡೂ ರಾನ್ ರಾನ್'ನಲ್ಲಿ ಅಂಥ ಡಮ್ಮಿಯೇ ಉಳಿದುಹೋಯಿತು. ಅಲ್ಲಿ ಅದು ಸರಿಯಾಗಿ ಕೂತಿತು, ಯಾಕೆಂದರೆ ಹುಡುಗನನ್ನು ನೋಡಿ ಮಾತೇ ಹೊರಡದ ಹುಡುಗಿಯ ಹಾಡು ಅದು. ಬರೆಯಲು ಬೇಸರವಾಗಿ ತುರುಕಿದ ಲಲಲಾ ಬೇರೆ. ತೆಗೆದುಬಿಟ್ಟರೆ ಹಾಡಿಗೆ ಏನೂ ಆಗುವುದಿಲ್ಲ ಅಂದರೆ ಅದು ಸುಮ್ನೆ ತುಂಬಿಸಿದ್ದು ಅಂತಲೇ.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ಸೋದರತ್ತೆ ಯಾರಾದರೂ ಇಂಥ ಪದ ಹೇಳುವವರಿದ್ದರೆ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಬರೆದುಕೊಂಡರೆ ಸಾಲದು. ಯಾವ ಮಾತಿಗೆ ಕೈ ಎಲ್ಲಿ ಮುಟ್ಟಿತು, ಎಲ್ಲಿ ಚಪ್ಪಾಳೆ, ಎಲ್ಲಿ ಮಗುವಿನ ಕಂಕುಳಿಗೆ ಕಚಗುಳಿ, ಅದೂ ಸಿಗಲಿ. ಪಕ್ಕದ ತಾಲ್ಲೂಕಿನವರ ಹತ್ತಿರ ಅದೇ ಪದ ಬೇರೆ ಥರ ಇದ್ದರೆ ಯಾವುದು ಸರಿ ಅಂತ ವಾದ ಮಾಡಬೇಡಿ. ಅದನ್ನೂ ವಿಡಿಯೋ ಮಾಡಿಕೊಳ್ಳಿ.

ನಮಸ್ಕಾರ.